ಸಂಬಳದ ಮಾತು ಬಂದಾಗ ದನಿ ತಗ್ಗಿಸಬೇಡಿ

ಪ್ರೀತಿಯ ಕಿರಿಯ ಎಂಜಿನಿಯರುಗಳೇ,

ಹಾಸನ, ತುಮಕೂರು, ಬಾಗಲಕೋಟೆ, ಕಲಬುರಗಿ, ಪುತ್ತೂರು ಹೀಗೆ ನಾಡಿನ ಬೇರೆ ಬೇರೆ ಊರುಗಳ ಕಾಲೇಜುಗಳಲ್ಲಿ ಓದಿ ಬೆಂಗಳೂರಿನ ಪಿಜಿಗಳಿಗೆ ಬಂದಿಳಿದ ನಿಮಗೆ ಈ ಪತ್ರ. ನಿಮ್ಮಲ್ಲಿ ಕೆಲವರ ಕೈಯಲ್ಲಿ ಮೊದಲ ಆಫರ್ ಲೆಟರ್ ಇದೆ. ಇನ್ನು ಕೆಲವರು ಕೆಲಸಕ್ಕೆ ಸೇರಿ ಒಂದೆರಡು ವರ್ಷವಾಗಿ, ಮುಂದಿನ ಕಂಪನಿಯ ಎಚ್‌ಆರ್ ಫೋನಿಗೆ ಕಾಯುತ್ತಿದ್ದೀರಿ. ಸಂದರ್ಶನದ ಮೇಜಿನ ಆ ಬದಿಯಲ್ಲಿ ಬಹಳ ಕಾಲ ಕೂತವರು ನಿಮಗೆ ಹೇಳಬೇಕಾದ, ಆದರೆ ಸಾಮಾನ್ಯವಾಗಿ ಹೇಳದೆ ಬಿಡುವ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ತಾಂತ್ರಿಕ ಸುತ್ತಿನಲ್ಲಿ ನೀವು ಗಟ್ಟಿಯಾಗಿಯೇ ಇರುತ್ತೀರಿ. ಕೋಡ್ ತಪ್ಪಿದ್ದರೆ ತಪ್ಪು ಎನ್ನುತ್ತೀರಿ, ಪ್ರಶ್ನೆಯೇ ಅಸ್ಪಷ್ಟವಾಗಿದ್ದರೆ ತಿರುಗಿ ಕೇಳುತ್ತೀರಿ, ನನ್ನಂಥವರ ಎದುರೂ ವಾದ ಮಾಡುತ್ತೀರಿ. ಎರಡು ದಿನ ಕಳೆದು ಎಚ್‌ಆರ್ ಫೋನ್ ಮಾಡಿ ‘ನಿಮ್ಮ ನಿರೀಕ್ಷೆ ಎಷ್ಟು’ ಎಂದ ತಕ್ಷಣ ಅದೇ ಹುಡುಗ, ಅದೇ ಹುಡುಗಿ ‘ಎಷ್ಟಾದರೂ ಸರಿ ಸಾರ್, ಕಂಪನಿ ಪಾಲಿಸಿ ಪ್ರಕಾರ ಕೊಡಿ’ ಎಂದುಬಿಡುತ್ತಾರೆ. ಮುಂದಿನ ಏಳೆಂಟು ವರ್ಷಗಳ ಸಂಬಳ ಎಷ್ಟೋ ಸಲ ಈ ಒಂದು ವಾಕ್ಯದಲ್ಲಿ ತೀರ್ಮಾನವಾಗಿಬಿಡುತ್ತದೆ. ಅದು ನನ್ನನ್ನು ಕಾಡುತ್ತದೆ.

ಆ ಕೆಲಸದ ಬೆಲೆ ನಿಮ್ಮ ಹೆಸರು ಕೇಳುವ ಮೊದಲೇ ನಿಗದಿಯಾಗಿರುತ್ತದೆ ಎಂಬುದನ್ನು ಮೊದಲು ತಿಳಿಯಿರಿ. ಒಂದು ಹುದ್ದೆಗೆ ಜನ ಬೇಕು ಎಂದು ತಂಡದವರು ಬೇಡಿಕೆ ಇಟ್ಟಾಗ ಹಣಕಾಸು ವಿಭಾಗ ಅದಕ್ಕೊಂದು ಕನಿಷ್ಠ, ಒಂದು ಗರಿಷ್ಠ ಮಿತಿ ಹಾಕಿ ಒಪ್ಪಿಗೆ ಕೊಡುತ್ತದೆ. ಇದನ್ನೇ ಬ್ಯಾಂಡ್ ಅನ್ನುವುದು. ಎಚ್‌ಆರ್ ಹೇಳುವ ಮೊದಲ ಅಂಕಿ ಈ ಬ್ಯಾಂಡಿನ ತುದಿಯಲ್ಲಿ ಇರುವುದು ಅಪರೂಪ. ಸಾಮಾನ್ಯವಾಗಿ ಅದು ಬುಡದಲ್ಲೋ ನಡುವಿಗಿಂತ ತುಸು ಕೆಳಗೋ ಇರುತ್ತದೆ, ಏಕೆಂದರೆ ನೀವು ಕೇಳಬಹುದು ಎಂದು ಅವರು ಜಾಗ ಬಿಟ್ಟುಕೊಂಡಿರುತ್ತಾರೆ. ನೀವು ಕೇಳಲಿಲ್ಲ ಎಂದರೆ ಆ ಜಾಗ ಹಾಗೇ ಉಳಿಯುತ್ತದೆ, ಅಷ್ಟೆ. ‘ಪಾಪ, ಕೇಳಲಿಲ್ಲ, ಆದರೂ ಕೊಡೋಣ’ ಎಂದು ಯಾವ ಕಂಪನಿಯೂ ತಾನಾಗಿ ಏರಿಸುವುದಿಲ್ಲ.

ಫೋನಿನ ಆಚೆ ಇರುವವರು ನಿಮ್ಮ ಶತ್ರುವಲ್ಲ ಎಂಬುದನ್ನೂ ಹೇಳಬೇಕು. ಖಾಲಿ ಹುದ್ದೆಯನ್ನು ಬೇಗ ತುಂಬುವುದು ಅವರ ಕೆಲಸ. ನಿಮ್ಮನ್ನು ಆರಿಸುವಷ್ಟರಲ್ಲಿ ಆ ತಂಡ ಹಲವರನ್ನು ಸಂದರ್ಶಿಸಿ ಸುಸ್ತಾಗಿರುತ್ತದೆ. ಆಫರ್ ಬಂದ ಹೊತ್ತಿನಿಂದ ನೀವು ಸಹಿ ಹಾಕುವವರೆಗಿನ ಆ ಮೂರು ನಾಲ್ಕು ದಿನ ಮಾತ್ರ ತಕ್ಕಡಿ ನಿಮ್ಮ ಕಡೆಗೂ ಸ್ವಲ್ಪ ವಾಲಿರುತ್ತದೆ. ಅದಕ್ಕೂ ಮೊದಲು ಕೇಳಿದರೆ ಅವರು ಇನ್ನೂ ನಿಮ್ಮನ್ನು ಬಯಸಿರುವುದಿಲ್ಲ, ಸಹಿಯಾದ ಮೇಲೆ ಕೇಳಿದರೆ ಅವರಿಗೆ ಕೇಳಿಸಿಕೊಳ್ಳುವ ಅಗತ್ಯವಿರುವುದಿಲ್ಲ. ವಿನಯದಿಂದ, ಕಾರಣ ಕೊಟ್ಟು ಕೇಳಿದ್ದಕ್ಕಾಗಿ ಆಫರ್ ಕಿತ್ತುಕೊಂಡ ಪ್ರಸಂಗವನ್ನು ನಾನು ಕಂಡಿಲ್ಲ. ಹೆಚ್ಚೆಂದರೆ ‘ಆಗುವುದಿಲ್ಲ, ಇಷ್ಟೇ’ ಎಂಬ ಉತ್ತರ ಬರುತ್ತದೆ. ಆಗಲೂ ಮೊದಲ ಅಂಕಿ ನಿಮ್ಮ ಕೈಯಲ್ಲೇ ಇರುತ್ತದೆ.

ಕ್ಯಾಂಪಸ್‌ನಲ್ಲಿ ಮಾತ್ರ ಪರಿಸ್ಥಿತಿ ಬೇರೆ, ಅದನ್ನು ಮರೆಮಾಚಿ ನಿಮಗೆ ಹುಸಿ ಧೈರ್ಯ ತುಂಬಲಾರೆ. ದೊಡ್ಡ ಐಟಿ ಸೇವಾ ಕಂಪನಿಗಳು ಒಂದೇ ಸಲಕ್ಕೆ ಸಾವಿರಾರು ಜನರನ್ನು ತೆಗೆದುಕೊಳ್ಳುವಾಗ ಒಬ್ಬೊಬ್ಬರ ಜೊತೆ ಚೌಕಾಸಿ ಇರುವುದಿಲ್ಲ. 2010ರ ಆಸುಪಾಸಿನಲ್ಲಿ ಹೊಸಬರಿಗೆ ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಕೊಡುತ್ತಿದ್ದ ಈ ಕಂಪನಿಗಳು ಇವತ್ತಿಗೂ ಬಹುಪಾಲು ಜನರಿಗೆ ಕೊಡುವುದು ಮೂರೂವರೆ ಲಕ್ಷದ ಅಕ್ಕಪಕ್ಕವೇ. ಈ ನಡುವೆ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಎಲ್ಲಿಂದ ಎಲ್ಲಿಗೆ ಏರಿವೆ ಎಂದು ನಿಮಗೇ ಗೊತ್ತು. ಇನ್ಫೋಸಿಸ್‌ನಲ್ಲಿ ಹಣಕಾಸು, ಆಮೇಲೆ ಮಾನವ ಸಂಪನ್ಮೂಲ ವಿಭಾಗ ನೋಡಿಕೊಂಡಿದ್ದ ಟಿ. ವಿ. ಮೋಹನದಾಸ್ ಪೈ ಅವರೇ, ದೊಡ್ಡ ಕಂಪನಿಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಹೊಸಬರ ಸಂಬಳ ಏರದಂತೆ ನೋಡಿಕೊಳ್ಳುತ್ತಿವೆ ಎಂದು ಬಹಿರಂಗವಾಗಿ ಹೇಳಿದ್ದುಂಟು. ಇಲ್ಲಿ ನಿಮ್ಮ ಮುಂದಿರುವ ದಾರಿ ಮಾತಿನದಲ್ಲ, ಪರೀಕ್ಷೆಯದು. ಟಿಸಿಎಸ್‌ನಲ್ಲಿ ‘ನಿಂಜಾ’ ಶ್ರೇಣಿಗೆ ಸುಮಾರು 3.36 ಲಕ್ಷ ಇದ್ದಾಗಲೇ ‘ಡಿಜಿಟಲ್’ ಶ್ರೇಣಿಗೆ ಸುಮಾರು 7 ಲಕ್ಷ ಇತ್ತು. ಕಾಲೇಜು ಅದೇ, ಅಂಕಪಟ್ಟಿ ಅದೇ. ಕೋಡಿಂಗ್ ಪರೀಕ್ಷೆಯಲ್ಲಿ ಮೇಲಿನ ಸುತ್ತು ದಾಟಿದವರ ಸಂಬಳ ಇಮ್ಮಡಿ. ಏಳನೇ ಸೆಮಿಸ್ಟರಿನಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಸಂಬಳದ ಮಾತುಕತೆಗೆ ನಿಮ್ಮ ತಯಾರಿ ಆ ಸುತ್ತಿಗೆ ಓದುವುದೇ.

ಮಾತಿಗೆ ನಿಜವಾದ ಬೆಲೆ ಬರುವುದು ಎರಡನೇ ಕೆಲಸದಲ್ಲಿ. ಹೆಚ್ಚು ಜನ ಮೋಸಹೋಗುವುದೂ ಅಲ್ಲೇ.

ನಮ್ಮಲ್ಲೊಂದು ವಿಚಿತ್ರ ಪದ್ಧತಿ ಬೇರೂರಿದೆ. ಹೊಸ ಕಂಪನಿ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ‘ಈಗಿನ ಸಿಟಿಸಿ ಎಷ್ಟು’. ಮೂರು ತಿಂಗಳ ಪೇಸ್ಲಿಪ್ ಕಳಿಸಿ ಅನ್ನುತ್ತಾರೆ, ಅದರ ಮೇಲೆ ಶೇಕಡ 30 ಹೈಕ್ ಕೊಡುತ್ತೇವೆ, ಬಹಳ ಆಯಿತು ಅನ್ನುತ್ತಾರೆ. ನಿಮಗೂ ಶೇಕಡ 30 ಎಂದರೆ ದೊಡ್ಡದೇ ಎನಿಸುತ್ತದೆ, ಮನೆಗೆ ಫೋನ್ ಮಾಡಿ ಹೇಳುವಂಥದ್ದೇ. ಈಗ ಲೆಕ್ಕ ನೋಡಿ. 3.6 ಲಕ್ಷಕ್ಕೆ ಸೇರಿದವರು ವರ್ಷಕ್ಕೆ ಶೇಕಡ 8ರಂತೆ ಎರಡು ಸಲ ಇಂಕ್ರಿಮೆಂಟ್ ಪಡೆದರೆ 4.2 ಲಕ್ಷಕ್ಕೆ ಬರುತ್ತಾರೆ. ಅದರ ಮೇಲೆ ಶೇಕಡ 30 ಸೇರಿಸಿದರೆ 5.46 ಲಕ್ಷ. ಆದರೆ ಹೊಸ ಕಂಪನಿಯಲ್ಲಿ ಆ ಹುದ್ದೆಯ ಬ್ಯಾಂಡ್ 7ರಿಂದ 9 ಲಕ್ಷ ಎಂದಿಟ್ಟುಕೊಳ್ಳಿ. ಪಕ್ಕದ ಕುರ್ಚಿಯಲ್ಲಿ ಅದೇ ಕೆಲಸ ಮಾಡುವ, ಅಷ್ಟೇ ಅನುಭವದ, ಮೊದಲಿನಿಂದ ಉತ್ತಮ ಸಂಬಳವಿದ್ದ ಇನ್ನೊಬ್ಬರಿಗೆ 8 ಲಕ್ಷ ಕೊಡುತ್ತಾರೆ. ನಿಮ್ಮ ಕೈಗೆ ಬ್ಯಾಂಡಿನ ಬುಡಕ್ಕಿಂತಲೂ ಒಂದೂವರೆ ಲಕ್ಷ ಕಡಿಮೆ ಬರುತ್ತದೆ, ಮೇಲೆ ಶೇಕಡ 30 ಹೆಚ್ಚು ಸಿಕ್ಕಿತು ಎಂಬ ಸಂತೋಷ ಬೇರೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಸಿಕ್ಕ ಆ ಸಣ್ಣ ಅಂಕಿ ನಿಮ್ಮ ಹಿಂದೆಯೇ ಕಂಪನಿಯಿಂದ ಕಂಪನಿಗೆ ಬರುತ್ತದೆ. ಗ್ರಾಮಾಂತರದ ಕಾಲೇಜು, ದುರ್ಬಲ ಪ್ಲೇಸ್‌ಮೆಂಟ್ ವಿಭಾಗ, ತಡವರಿಸುವ ಇಂಗ್ಲಿಷ್ ಎಂಬ ಕಾರಣಗಳಿಗೆ ಮೊದಲ ದಿನ ಕಡಿಮೆ ಸಿಕ್ಕಿದವರಿಗೆ ಆ ಕಾರಣಗಳೆಲ್ಲ ಇಲ್ಲವಾದ ಮೇಲೂ ದಂಡ ಮುಂದುವರಿಯುತ್ತದೆ.

ಇದು ಲೋಕದ ನಿಯಮವೇನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಉದ್ಯೋಗಾಕಾಂಕ್ಷಿಯ ಹಿಂದಿನ ಸಂಬಳ ಕೇಳುವುದಕ್ಕೆ ಕಾನೂನಿನ ತಡೆಯಿದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಹೊರಡಿಸಿದ ವೇತನ ಪಾರದರ್ಶಕತೆಯ ನಿರ್ದೇಶನವೂ ಅದನ್ನೇ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿಯಿಂದ, 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ಮಿತಿ ಪ್ರಕಟಿಸಬೇಕು. ನಮ್ಮೂರಿನಿಂದ ಎಂಎಸ್ ಮಾಡಲು ಹೋಗಿ ಸ್ಯಾನ್ ಹೊಸೆಯಲ್ಲಿ ಕೆಲಸ ಹುಡುಕುವ ಹುಡುಗಿಗೆ ಅರ್ಜಿ ಹಾಕುವ ಮೊದಲೇ ಬ್ಯಾಂಡ್ ಕಣ್ಣಿಗೆ ಬೀಳುತ್ತದೆ. ಅದೇ ಕಂಪನಿಯ ಬೆಂಗಳೂರು ಕಚೇರಿಗೆ ಅರ್ಜಿ ಹಾಕುವ ಅವಳ ತಮ್ಮನಿಗೆ ಅದನ್ನು ತಿಳಿಸುವ ಕಾನೂನು ಇಲ್ಲಿಲ್ಲ. ಕಾನೂನು ಇಲ್ಲದಿರಬಹುದು, ಕೇಳುವುದಕ್ಕೆ ಅಡ್ಡಿಯೂ ಇಲ್ಲ. ‘ಈ ಹುದ್ದೆಗೆ ನೀವು ಇಟ್ಟಿರುವ ಬ್ಯಾಂಡ್ ಎಷ್ಟು’ ಎಂದು ನೀವೇ ಮೊದಲು ಕೇಳಿ. ಎಷ್ಟೋ ಜನ ಹೇಳಿಬಿಡುತ್ತಾರೆ. ಹೇಳದವರ ಬಳಿ ಈಗಿನ ಸಂಬಳದ ಮಾತು ಬಂದಾಗ, ಮುಚ್ಚಿಡದೆ ಹೇಳಿ, ಜೊತೆಗೇ ಇನ್ನೊಂದು ವಾಕ್ಯ ಸೇರಿಸಿ: ‘ಅದು ಎರಡು ವರ್ಷದ ಹಿಂದೆ ಟ್ರೇನಿಯಾಗಿ ಸೇರಿದಾಗಿನ ಲೆಕ್ಕ. ಈಗ ಮಾತಾಡುತ್ತಿರುವುದು ಬೇರೆ ಕೆಲಸ, ಅದರ ಮಾರುಕಟ್ಟೆ ದರದ ಮೇಲೆ ಮಾತಾಡೋಣ.’ ಈ ಪತ್ರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಮ್ಮ ಹಿಂದಿನ ಸಂಬಳದ ಮೇಲೆ ಶೇಕಡ ಇಷ್ಟು ಎಂದಲ್ಲ, ಈ ಕೆಲಸಕ್ಕೆ ಇಷ್ಟು.

ಆದರೆ ಸುಳ್ಳು ಹೇಳಬೇಡಿ. ಪೇಸ್ಲಿಪ್ ತಿದ್ದುವವರು, ಇಲ್ಲದ ಆಫರ್ ಇದೆ ಎನ್ನುವವರು, ಅನುಭವ ಪತ್ರ ಕೊಂಡು ತರುವವರು ಇದ್ದಾರೆ. ಹಾಗೆ ಮಾಡಿಕೊಡುವ ಕನ್ಸಲ್ಟೆನ್ಸಿಗಳೂ ಇವೆ. ನಿಮ್ಮ ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಒಂದಿದ್ದರೆ ಸಾಕು, ಎಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂಬುದು ಗೊತ್ತಾಗುತ್ತದೆ. ಫಾರ್ಮ್ 16 ಸಂಬಳ ಹೇಳುತ್ತದೆ. ಸೇರಿ ಆರು ತಿಂಗಳಾದ ಮೇಲೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಅದೇ ದಿನ ಮನೆಗೆ ಹೋದವರನ್ನು ನೋಡಿ ಮನಸ್ಸು ನೊಂದಿದೆ. ಮೇಲಾಗಿ, ನ್ಯಾಯವಾದದ್ದನ್ನು ಕೇಳುವವರಿಗೆ ಸುಳ್ಳಿನ ಹಂಗು ಬೇಕಿಲ್ಲ.

ಇನ್ನು ಸಿಟಿಸಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಚೌಕಾಸಿಯಲ್ಲಿ ಗೆದ್ದೆವು ಎಂದುಕೊಂಡವರೂ ಮೊದಲ ತಿಂಗಳ ಪೇಸ್ಲಿಪ್ ನೋಡಿ ಪೆಚ್ಚಾಗುವುದು ಇಲ್ಲೇ. ಸಿಟಿಸಿ ಎಂದರೆ ನಿಮಗಾಗಿ ಕಂಪನಿಗೆ ಆಗುವ ಒಟ್ಟು ಖರ್ಚು, ನಿಮ್ಮ ಕೈಗೆ ಬರುವ ಹಣವಲ್ಲ. 6 ಲಕ್ಷ ಎಂದ ಕೂಡಲೇ ಮನಸ್ಸು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 50 ಸಾವಿರ ಎಂದುಕೊಳ್ಳುತ್ತದೆ. ಒಂದು ಉದಾಹರಣೆ ಬಿಡಿಸೋಣ. ಆ 6 ಲಕ್ಷದಲ್ಲಿ ವೇರಿಯಬಲ್ ಪೇ ಶೇಕಡ 10, ಅಂದರೆ 60 ಸಾವಿರ. ಅದು ವರ್ಷದ ಕೊನೆಗೆ, ಕಂಪನಿಯ ಲಾಭ ಮತ್ತು ನಿಮ್ಮ ರೇಟಿಂಗ್ ನೋಡಿ ಬರುವಂಥದ್ದು, ಪೂರ್ತಿ ಬರುತ್ತದೆಂಬ ಖಾತರಿಯಿಲ್ಲ. ಬೇಸಿಕ್ ತಿಂಗಳಿಗೆ 25 ಸಾವಿರ ಎಂದಾದರೆ ಅದರ ಶೇಕಡ 12ರಷ್ಟು ಕಂಪನಿಯ ಪಾಲಿನ ಪಿಎಫ್ ವರ್ಷಕ್ಕೆ 36 ಸಾವಿರ. ಗ್ರಾಚ್ಯುಟಿ ಎಂದು ಬೇಸಿಕ್‌ನ ಶೇಕಡ 4.81, ಅಂದರೆ 14,430. ಆರೋಗ್ಯ ವಿಮೆಯ ಕಂತು 6 ಸಾವಿರ ಎಂದಿಟ್ಟುಕೊಳ್ಳೋಣ. ಇಷ್ಟೂ ಕಳೆದರೆ ಉಳಿಯುವುದು 4,83,570. ತಿಂಗಳಿಗೆ ಸುಮಾರು 40,300. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3 ಸಾವಿರ, ಕರ್ನಾಟಕದ ವೃತ್ತಿ ತೆರಿಗೆ 200 ಹೋಗಿ ಬ್ಯಾಂಕಿಗೆ ಬೀಳುವುದು 37 ಸಾವಿರ ಚಿಲ್ಲರೆ. ಆದಾಯ ತೆರಿಗೆಯ ಚಿಂತೆ ಸದ್ಯಕ್ಕೆ ಬೇಡ. 2025-26ರಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ.

ಪಿಎಫ್ ಹೋಯಿತೆಂದು ಕೊರಗಬೇಡಿ, ಅದು ನಿಮ್ಮದೇ ಹಣ. ಗ್ರಾಚ್ಯುಟಿಯ ಮಾತು ಬೇರೆ. ಕಾಯಂ ನೌಕರರಿಗೆ ಅದು ದಕ್ಕುವುದು ಸಾಮಾನ್ಯವಾಗಿ ಐದು ವರ್ಷ ಸತತ ಸೇವೆ ಮುಗಿಸಿದ ಮೇಲೆ. ನಿಮ್ಮ ವಯಸ್ಸಿನವರು ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸುವುದೇ ಹೆಚ್ಚು ಎಂದು ಗೊತ್ತಿದ್ದೂ ಆ ಹಣವನ್ನು ನಿಮ್ಮ ಸಂಬಳದ ಮೊತ್ತದಲ್ಲಿ ಕೂಡಿಸಿ ತೋರಿಸುತ್ತಾರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳು ಎರಡು ವಿಷಯದಲ್ಲಿ ನಿಮಗೆ ನೇರವಾಗಿ ತಟ್ಟುತ್ತವೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ್ದನ್ನೂ ವೇತನವೆಂದೇ ಹಿಡಿಯಬೇಕು. ಬೇಸಿಕ್ ಕಡಿಮೆ ತೋರಿಸಿ ಉಳಿದದ್ದನ್ನು ‘ವಿಶೇಷ ಭತ್ಯೆ’ ಎಂದು ತುಂಬುವ ಹಳೆಯ ಜಾಣತನಕ್ಕೆ ಇದರಿಂದ ಕಡಿವಾಣ ಬಿದ್ದಿದೆ. ಜೊತೆಗೆ ಪ್ರತಿ ನೌಕರರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಸಣ್ಣ ಕಾರ್ಖಾನೆಗೆ ಟ್ರೇನಿಯಾಗಿ ಸೇರುವ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಗೆಳೆಯರೇ, ‘ಲೆಟರ್ ಆಮೇಲೆ ಕೊಡುತ್ತೇವೆ’ ಎಂಬ ಮಾತನ್ನು ಇನ್ನು ಒಪ್ಪಬೇಡಿ. ಜೊತೆಗೆ, ನಿಮ್ಮನ್ನು ತೆಗೆದುಕೊಳ್ಳುತ್ತಿರುವುದು ನೌಕರರನ್ನಾಗಿಯೋ ಅಥವಾ 1961ರ ಕಾಯ್ದೆಯಡಿ ಅಪ್ರೆಂಟಿಸ್ ಆಗಿಯೋ ಎಂದು ಮೊದಲೇ ಕೇಳಿ. ಅಪ್ರೆಂಟಿಸ್‌ಗಳನ್ನು ಆ ಕಾಯ್ದೆ ನೌಕರರೆಂದು ಪರಿಗಣಿಸುವುದಿಲ್ಲ.

ಹಾಗಾಗಿ ಚೌಕಾಸಿ ಮಾಡಬೇಕಾದದ್ದು ಸಿಟಿಸಿಯ ಮೇಲಲ್ಲ, ಅದರಲ್ಲಿ ಖಾತರಿಯಾಗಿ ಬರುವ ಫಿಕ್ಸೆಡ್ ಪೇ ಮೇಲೆ. ‘ಸಿಟಿಸಿ 8 ಮಾಡಿದ್ದೇವೆ’ ಎಂದು ಹೇಳಿ ವೇರಿಯಬಲ್ ಅನ್ನು ಹಿಗ್ಗಿಸಿರಬಹುದು, ಜಾಯಿನಿಂಗ್ ಬೋನಸ್ಸನ್ನೂ ಅದರಲ್ಲೇ ಸೇರಿಸಿರಬಹುದು. ಜಾಯಿನಿಂಗ್ ಬೋನಸ್ ಮರುವರ್ಷ ಇರುವುದಿಲ್ಲ, ಒಂದು ವರ್ಷದೊಳಗೆ ಬಿಟ್ಟರೆ ಸಾಮಾನ್ಯವಾಗಿ ವಾಪಸ್ ಕಟ್ಟಬೇಕು. ತೆರಿಗೆ ಕಡಿತವಾಗಿ ಕೈಗೆ ಬಂದ ಹಣವನ್ನು ಕಡಿತಕ್ಕೆ ಮೊದಲಿನ ಪೂರ್ತಿ ಮೊತ್ತದಲ್ಲಿ ಕೇಳುವವರೂ ಇದ್ದಾರೆ, ಆ ಸಾಲನ್ನು ಸಹಿಗೆ ಮೊದಲೇ ತಿದ್ದಿಸಿ. ಸ್ಟಾರ್ಟಪ್ ಷೇರುಗಳ ವಿಚಾರ ಉದ್ದವಾದದ್ದು. ನಾಲ್ಕು ವರ್ಷಕ್ಕೆ ಹಂಚಿ ಕೊಡುತ್ತಾರೆ, ಮೊದಲ ವರ್ಷ ಮುಗಿಯದೆ ಒಂದೂ ಸಿಗುವುದಿಲ್ಲ ಎಂಬುದು ಸಾಮಾನ್ಯ ರೂಢಿ, ಕಂಪನಿ ಷೇರುಪೇಟೆಗೆ ಬರದಿದ್ದರೆ ಅವನ್ನು ಮಾರುವುದು ಕಷ್ಟ. ಮನೆ ಬಾಡಿಗೆ ಕಟ್ಟಲು ನಿಮಗೆ ಬೇಕಾದದ್ದು ತಿಂಗಳ ಸಂಬಳ. ಷೇರು ಬಂದರೆ ಸಂತೋಷ, ಅದನ್ನು ನೆಚ್ಚಿ ಫಿಕ್ಸೆಡ್ ಪೇ ಬಿಟ್ಟುಕೊಡಬೇಡಿ.

ಮಾತಾಡುವುದು ಹೇಗೆ ಎಂದು ಕೇಳುತ್ತೀರಿ. ನಿಮ್ಮಲ್ಲಿ ಅನೇಕರನ್ನು ತಡೆಯುವುದು ಧೈರ್ಯದ ಕೊರತೆಯಲ್ಲ, ಫೋನಿನಲ್ಲಿ ಆ ವೇಗಕ್ಕೆ ಇಂಗ್ಲಿಷ್ ಹೊರಡದಿರುವುದು. ಅದಕ್ಕೊಂದು ಸರಳ ದಾರಿ ಇದೆ. ಫೋನಿನಲ್ಲಿ ಅಂಕಿ ಕೇಳಿಸಿಕೊಂಡು, ಧನ್ಯವಾದ ಹೇಳಿ, ‘ವಿವರ ಮೇಲ್ ಮಾಡಿ, ನೋಡಿ ನಾಳೆ ಉತ್ತರಿಸುತ್ತೇನೆ’ ಎಂದಷ್ಟೇ ಹೇಳಿ ಇಡಿ. ಮೇಲ್‌ನಲ್ಲಿ ಯಾರಿಗೂ ತೊದಲು ಇರುವುದಿಲ್ಲ. ನಾಲ್ಕು ಸಲ ತಿದ್ದಬಹುದು, ಗೆಳೆಯರಿಗೆ ತೋರಿಸಬಹುದು. ಅದರಲ್ಲಿ ಬರಬೇಕಾದದ್ದು ಇಷ್ಟೇ: ಈ ಕೆಲಸ ನನಗೆ ನಿಜಕ್ಕೂ ಬೇಕು, ಹಿಂದಿನ ಕಂಪನಿಯಲ್ಲಿ ನಾನು ಮಾಡಿದ ಇಂಥ ಕೆಲಸ ನಿಮ್ಮ ತಂಡಕ್ಕೆ ಮೊದಲ ದಿನದಿಂದ ಉಪಯೋಗಕ್ಕೆ ಬರುತ್ತದೆ, ಈ ಅನುಭವಕ್ಕೆ ಈ ಊರಿನಲ್ಲಿ ಇಷ್ಟರಿಂದ ಇಷ್ಟು ಕೊಡುತ್ತಿದ್ದಾರೆ, ಫಿಕ್ಸೆಡ್ ಪೇ 7.5 ಲಕ್ಷಕ್ಕೆ ಬಂದರೆ ಇಂದೇ ಸಹಿ ಮಾಡುತ್ತೇನೆ. ಆ ಕೊನೆಯ ಸಾಲು ಮುಖ್ಯ. ಎಚ್‌ಆರ್‌ನವರು ನಿಮ್ಮ ಪರವಾಗಿ ತಮ್ಮ ಮೇಲಿನವರ ಬಳಿ ಕೇಳಲು ಹೋಗುವಾಗ ‘ಇಷ್ಟು ಕೊಟ್ಟರೆ ಬಂದೇ ಬರುತ್ತಾರೆ’ ಎಂದು ಹೇಳಲು ಅವರಿಗೊಂದು ಆಧಾರ ಬೇಕು. ‘ಸ್ವಲ್ಪ ಜಾಸ್ತಿ ಮಾಡಿ’ ಎಂಬುದನ್ನು ಹಿಡಿದುಕೊಂಡು ಅವರು ಯಾರ ಬಳಿಯೂ ಹೋಗಲಾರರು. ಸಂಬಳ ಅಲುಗುವುದೇ ಇಲ್ಲವೆಂದಾದರೆ ಬೇರೆಯದನ್ನು ಕೇಳಿ. ಬೆಂಗಳೂರಿನಲ್ಲಿ ಮನೆ ಹಿಡಿಯಲು ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಇಡಬೇಕು, ಊರು ಬದಲಿಸುವ ಭತ್ಯೆ ಕೇಳಿ. ಹಳೆಯ ಕಂಪನಿಯ 90 ದಿನಗಳ ನೋಟಿಸ್ ಅವಧಿಯ ಹಣ ತುಂಬಿಕೊಡುತ್ತೀರಾ ಎಂದು ಕೇಳಿ. ಆರು ತಿಂಗಳಿಗೆ ಸಂಬಳ ಪರಿಶೀಲನೆ ಮಾಡುವುದಾಗಿ ಲಿಖಿತವಾಗಿ ಕೊಡುತ್ತೀರಾ ಎಂದು ಕೇಳಿ.

ಮೇಲ್‌ನಲ್ಲಿ ಬರೆಯಬಾರದ್ದೂ ಒಂದಿದೆ. ಅಪ್ಪನ ಸಾಲ, ತಂಗಿಯ ಮದುವೆ, ಶಿಕ್ಷಣ ಸಾಲದ ಕಂತು. ಇವೆಲ್ಲ ನಿಜ, ನಿಮ್ಮ ಎದೆಯ ಮೇಲಿನ ಭಾರಗಳೇ. ಆದರೆ ಅವನ್ನು ಮುಂದಿಟ್ಟ ಕ್ಷಣ ನೀವು ಬೆಲೆ ಕೇಳುವವರಾಗಿ ಉಳಿಯದೆ ಸಹಾಯ ಕೇಳುವವರಾಗುತ್ತೀರಿ. ನಿಮಗೆ ಹಣದ ಅಗತ್ಯ ಎಷ್ಟಿದೆ ಎಂಬುದರ ಮೇಲೆ ಸಂಬಳ ನಿಂತರೆ, ಅಗತ್ಯ ಹೆಚ್ಚಿರುವವರು ಕಡಿಮೆಗೂ ಒಪ್ಪುತ್ತಾರೆ ಎಂಬುದೂ ಎದುರಿನವರಿಗೆ ಗೊತ್ತು.

ಮನೆಯ ಹಿರಿಯರು ‘ಸಿಕ್ಕಿದ್ದಕ್ಕೆ ತೃಪ್ತಿಪಡು, ಆಸೆ ಬೇಡ’ ಅನ್ನಬಹುದು. ಆ ಮಾತಿನ ಹಿಂದೆ ಗೌರವಿಸಬೇಕಾದ ಬಾಳ್ವೆ ಇದೆ. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದ ಕಥೆ ನಮಗೆಲ್ಲ ಗೊತ್ತು. ನಾನು ಅದನ್ನು ಓದುವುದು ಹೀಗೆ: ತನ್ನದಲ್ಲದ್ದು ಬೇಡ ಎಂದಳು ಲಕ್ಕಮ್ಮ, ತನ್ನ ಕಾಯಕಕ್ಕೆ ಸಲ್ಲಬೇಕಾದದ್ದನ್ನು ಉಳ್ಳವರಿಗೇ ಬಿಟ್ಟು ಬಾ ಎಂದು ಅವಳು ಹೇಳಲಿಲ್ಲ. ನಿಮ್ಮ ದುಡಿಮೆಗೆ ತಕ್ಕ ಬೆಲೆ ಕೇಳುವುದು ದುರಾಸೆಯಲ್ಲ.

ಹೆಣ್ಣುಮಕ್ಕಳಿಗೆ ಎರಡು ಮಾತು ಬೇರೆಯಾಗಿ ಹೇಳಬೇಕು. ಅಮೆರಿಕದಲ್ಲಿ ಹ್ಯಾನಾ ರೈಲಿ ಬೌಲ್ಸ್, ಲಿಂಡಾ ಬ್ಯಾಬ್‌ಕಾಕ್ ಮತ್ತು ಲೇ ಲೈ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು, ಹೆಚ್ಚು ಸಂಬಳ ಕೇಳಿದ ಹೆಂಗಸರ ಜೊತೆ ಕೆಲಸ ಮಾಡಲು ಜನ ಹಿಂಜರಿಯುತ್ತಾರೆ, ಅದೇ ಮಾತು ಗಂಡಸು ಕೇಳಿದಾಗ ಅಷ್ಟು ಹಿಂಜರಿಯುವುದಿಲ್ಲ ಎಂಬುದನ್ನು. ‘ಕೇಳಿದರೆ ಜಗಳಗಂಟಿ ಅಂದುಕೊಳ್ಳುತ್ತಾರೆ’ ಎಂಬ ನಿಮ್ಮ ಅಳುಕು ಸುಳ್ಳಲ್ಲ, ತಪ್ಪು ನಿಮ್ಮದೂ ಅಲ್ಲ. ಆದರೂ ಕೇಳಿ. ಹುದ್ದೆಯ ಬ್ಯಾಂಡ್, ಮಾರುಕಟ್ಟೆ ದರ, ಮಾಡಿದ ಕೆಲಸ ಇವುಗಳನ್ನು ಮುಂದಿಟ್ಟು ಕೇಳಿದರೆ ಎದುರಿನವರು ನಿಮ್ಮ ಸ್ವಭಾವದ ಬಗ್ಗೆ ಮಾತಾಡುವ ಬದಲು ಅಂಕಿಗೆ ಉತ್ತರಿಸಬೇಕಾಗುತ್ತದೆ. ಒಂದೇ ಕೆಲಸಕ್ಕೆ ಗಂಡು ಹೆಣ್ಣೆಂದು ಸಂಬಳದಲ್ಲಿ ಭೇದ ಮಾಡುವಂತಿಲ್ಲ ಎಂದು ಈ ದೇಶದ ಕಾನೂನು 1976ರಿಂದ ಹೇಳುತ್ತಿದೆ, ಈಗಿನ ವೇತನ ಸಂಹಿತೆಯಲ್ಲೂ ಅದು ಉಳಿದಿದೆ. ‘ಮದುವೆ ಯಾವಾಗ’ ಎಂಬ ಪ್ರಶ್ನೆಗೆ ಉತ್ತರಿಸುವ ಬಾಧ್ಯತೆ ನಿಮಗಿಲ್ಲ.

ಸಹಿಗೆ ಮೊದಲು ಬಾಂಡ್ ಓದಿ, ಅಂದರೆ ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಇಷ್ಟು ಕಟ್ಟುತ್ತೇನೆ ಎಂಬ ಕರಾರು. ‘ಬಾಂಡೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಹಾಕು ಸಹಿ’ ಎಂದು ಸೀನಿಯರ್‌ಗಳು ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ನಮ್ಮ ಮಂಗಳೂರಿನಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷದ ಷರತ್ತು ಮುಗಿಯುವ ಮೊದಲೇ 2009ರಲ್ಲಿ ಕೆಲಸ ಬಿಟ್ಟು, 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟು ಅವರ ಪರ ನಿಂತಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಅದು ಸರಕಾರಿ ಬ್ಯಾಂಕಾಗಿತ್ತು, ಅಲ್ಲಿನ ನೇಮಕಾತಿಯ ಖರ್ಚನ್ನೂ ಕ್ರಮವನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಹಾಗೆಂದು ಖಾಸಗಿ ಕಂಪನಿ ಬರೆದ ಯಾವ ಮೊತ್ತವಾದರೂ ನಿಲ್ಲುತ್ತದೆ ಎಂದಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಪರಿಹಾರ ನ್ಯಾಯಸಮ್ಮತ ಮಿತಿಯಲ್ಲಿರಬೇಕು. ಬಾಂಡ್ ಕೂಡ ಸಂಬಳದಷ್ಟೇ ಚೌಕಾಸಿಯ ವಸ್ತು. ಎರಡು ವರ್ಷವನ್ನು ಒಂದಕ್ಕೆ ಇಳಿಸಿ ಎನ್ನಿ, ತಿಂಗಳು ಕಳೆದಂತೆ ಮೊತ್ತವೂ ಕರಗುತ್ತ ಹೋಗಲಿ ಎನ್ನಿ. ಮೂಲ ಅಂಕಪಟ್ಟಿಗಳನ್ನು ಯಾವ ಕಂಪನಿಯ ಕೈಗೂ ಒಪ್ಪಿಸಬೇಡಿ.

ಲಿಖಿತ ಆಫರ್ ಕೈಗೆ ಬರದೆ ರಾಜೀನಾಮೆ ಕೊಡಬೇಡಿ. ಕೊಟ್ಟ ಮಾತು ಉಳಿಸಿಕೊಳ್ಳುವ ಬಗ್ಗೆಯೂ ಒಂದು ಮಾತು. ಸಹಿ ಹಾಕಿದ ಮೇಲೆ ಇನ್ನೊಂದು ಆಫರ್ ಹಿಡಿದು ಕೊನೆಯ ದಿನ ಕೈಕೊಡುವುದು ನನಗೆ ಸರಿ ಕಾಣುವುದಿಲ್ಲ, ನಿಮ್ಮನ್ನು ನಂಬಿ ಕಾದ ತಂಡದಲ್ಲಿ ನಿಮ್ಮಂಥವರೇ ಇರುತ್ತಾರೆ. ಆದರೆ ನಿಷ್ಠೆಯ ಪಾಠ ಹೇಳುವ ಹಕ್ಕು ಕಂಪನಿಗಳಿಗೆ ಎಷ್ಟಿದೆ ಎಂಬುದನ್ನೂ ನೋಡಿದ್ದೇವೆ. 2023ರ ಫೆಬ್ರವರಿಯಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷದ ಆಫರ್ ಪಡೆದು ತರಬೇತಿ ಮುಗಿಸಿ ಕಾಯುತ್ತಿದ್ದ ಹೊಸಬರನ್ನು 3.5 ಲಕ್ಷಕ್ಕೆ ಒಪ್ಪುತ್ತೀರಾ ಎಂದು ಕೇಳಿತು. ಆ ಮಕ್ಕಳ ಬಳಿ ಹೆಚ್ಚು ದಾರಿಗಳಿರಲಿಲ್ಲ.

ದಾರಿಗಳಿರಬೇಕಾದರೆ ಮಾಹಿತಿ ಬೇಕು. ಶಿರಸಿಯಲ್ಲೋ ಶಿವಮೊಗ್ಗದಲ್ಲೋ ಅಡಿಕೆ ಬೆಳೆಯುವವರು ಬೆಳಗಿನ ಪತ್ರಿಕೆಯಲ್ಲಿ ಎಲ್ಲ ಮಾರುಕಟ್ಟೆಗಳ ದರ ನೋಡದೆ ಮೂಟೆ ಹೊರಡಿಸುವುದಿಲ್ಲ. ಅವರ ಮಕ್ಕಳು ತಮ್ಮ ನಾಲ್ಕು ವರ್ಷದ ಓದನ್ನು ದರ ಕೇಳದೆ ಕೊಟ್ಟುಬರುತ್ತಾರೆ. ಕಂಪನಿಗಳು ಹೀಗೆ ಕತ್ತಲಲ್ಲಿ ಕೆಲಸ ಮಾಡುವುದಿಲ್ಲ. ಯಾರು ಯಾವ ಹುದ್ದೆಗೆ ಎಷ್ಟು ಕೊಡುತ್ತಿದ್ದಾರೆ ಎಂಬ ಸಮೀಕ್ಷೆಗಳನ್ನು ಹಣ ಕೊಟ್ಟು ತರಿಸಿಕೊಳ್ಳುತ್ತವೆ. ಅಮೆರಿಕದಲ್ಲಂತೂ ಆಪಲ್, ಗೂಗಲ್, ಇಂಟೆಲ್, ಅಡೋಬಿ ಕಂಪನಿಗಳು ಒಬ್ಬರ ನೌಕರರನ್ನು ಇನ್ನೊಬ್ಬರು ಕರೆಯಬಾರದೆಂದು ಒಳಒಪ್ಪಂದ ಮಾಡಿಕೊಂಡಿದ್ದವು ಎಂಬ ಮೊಕದ್ದಮೆ ನಡೆದು, 2015ರಲ್ಲಿ ಎಂಜಿನಿಯರುಗಳಿಗೆ 41.5 ಕೋಟಿ ಡಾಲರ್ ಕೊಟ್ಟು ರಾಜಿಯಾದವು. ತಮ್ಮತಮ್ಮಲ್ಲಿ ಅಷ್ಟು ಮಾತಾಡಿಕೊಳ್ಳುವ ಕಂಪನಿಗಳು ನಿಮ್ಮ ನೇಮಕಾತಿ ಪತ್ರದಲ್ಲಿ ಮಾತ್ರ ‘ಸಂಬಳವನ್ನು ಸಹೋದ್ಯೋಗಿಗಳಿಗೆ ತಿಳಿಸತಕ್ಕದ್ದಲ್ಲ’ ಎಂದು ಬರೆಯುತ್ತವೆ. ಅಂಥ ಷರತ್ತು ನಿಮ್ಮ ಪತ್ರದಲ್ಲಿದೆಯೇ ನೋಡಿಕೊಳ್ಳಿ. ಇದ್ದರೆ ಕಾಗದ ತೋರಿಸುವುದು ಬೇಡ. ಈ ಅನುಭವಕ್ಕೆ, ಈ ಬಗೆಯ ಕೆಲಸಕ್ಕೆ ಇಷ್ಟರಿಂದ ಇಷ್ಟು ನಡೆಯುತ್ತಿದೆ ಎಂದು ಹೇಳಿದರೆ ಸಾಕು.

ನಿಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರಿಗೆ ಪ್ಲೇಸ್‌ಮೆಂಟ್ ಆಯಿತು ಎಂಬ ಅಭಿನಂದನೆಗಳು ತುಂಬಿರುತ್ತವೆ. ಎಷ್ಟಕ್ಕೆ ಆಯಿತು, ಅದರಲ್ಲಿ ಫಿಕ್ಸೆಡ್ ಎಷ್ಟು, ಬಾಂಡ್ ಇದೆಯೇ, ಕೇಳಿದ ಮೇಲೆ ಎಷ್ಟು ಏರಿಸಿದರು ಎಂಬುದನ್ನು ಯಾರೂ ಬರೆಯುವುದಿಲ್ಲ. ಈ ವಾರ ನಿಮ್ಮ ಕಾಲೇಜಿನ ಕೊನೆಯ ವರ್ಷದ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಫೋನ್ ಮಾಡಿ ಇವಿಷ್ಟನ್ನೂ ಹೇಳಿ. ಮುಂದಿನ ಆಫರ್ ಬಂದಾಗ ನೀವೂ ಕೇಳಿ.

ಇಂತಿ,
ನಿಮ್ಮ ಹಿರಿಯ ಸಹೋದ್ಯೋಗಿ